ಬಿಸಿಲು ಬಿಡುವ ಊರು

ಒಂದು ದಿನ ಬೆಳಿಗ್ಗೆ ಸೂರ್ಯ ನಮ್ಮ ಮನೆಗೆ ಬಂದ. ಬಾಗಿಲಾಚೆ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದು, ಕೈಕಟ್ಟಿ ನಿಂತುಕೊಂಡು, "ಲಿಂಗಣ್ಣ, ಈ ಕೆಲಸ ಇನ್ನು ನನ್ನ ಕೈಲಿ ಆಗಲ್ಲ, ನೀವೇ ಒಂದು ದಾರಿ ತೋರಿಸಬೇಕು" ಅಂದ. ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಡಲಿಲ್ಲ. ದೊಡ್ಡವರು ಮನೆಗೆ ಬಂದರೆಂದು ಕಾಫಿ ಆರಿಸಿಕೊಳ್ಳುವವನಲ್ಲ ನಾನು. "ಕೂತ್ಕೊಳಪ್ಪ, ನೋಡೋಣ" ಅಂದೆ.

ನೀವು ನಗುತ್ತಿದ್ದೀರಿ. ನಗಿ. ಈ ಜಗಲಿಯ ಮೇಲೆ ಕೂತು ನನ್ನ ಮಾತು ಕೇಳಿದವರೆಲ್ಲ ಮೊದಲು ನಕ್ಕವರೇ. ನಿನ್ನೆ ತಾನೇ ಎದುರು ಮನೆಗೆ ಬಾಡಿಗೆಗೆ ಬಂದಿದ್ದೀರಿ, ಸಾಮಾನು ಇನ್ನೂ ಬಿಚ್ಚಿಲ್ಲ, ನಿಮಗೆ ಈ ಊರು ಹೊಸದು. ಇಲ್ಲಿ ನನ್ನ ಪಕ್ಕದಲ್ಲಿ ಬಿಸಿಲಿಗೆ ಕಾಲು ಚಾಚಿ, ಕಣ್ಣು ಮುಚ್ಚಿಕೊಂಡು ಕೂತಿದ್ದಾರಲ್ಲ, ಅವರು ನಮ್ಮ ಅತ್ತೆ ಪುಟ್ಟತಾಯಮ್ಮ. ಕಿವಿ ಮಂದ. ಈ ಹೊತ್ತಿಗೆ ನಿದ್ದೆಯೂ ಗಟ್ಟಿ. ಹಾಗಾಗಿ ನಾವು ನಿರಾಳವಾಗಿ ಮಾತಾಡಬಹುದು.

ಬಿಸಿಲು ಹೇಗೆ ಬಿಡುತ್ತಾರೆ ಅಂತ ಮಾತ್ರ ಕೇಳಬೇಡಿ. ನಲ್ಲಿ ತಿರುಗಿಸುವಾಗ ನೀರು ಎಲ್ಲಿಂದ ಹೊರಟಿತು ಅಂತ ಯಾರಾದರೂ ಕೇಳುತ್ತಾರೆಯೇ? ಊರಾಚೆಯ ದಿಣ್ಣೆಯ ಮೇಲೆ ಒಂದು ಚಕ್ರವಿದೆ. ಅದನ್ನು ತಿರುಗಿಸಲು ಮರಿಯಪ್ಪನಿದ್ದಾನೆ. ಮಕ್ಕಳೆಲ್ಲ ಅವನನ್ನು ಸೂರ್ಯಮಾವ ಅನ್ನುತ್ತಾರೆ. ಅವನು ಈ ಕಡೆ ತಿರುಗಿಸಿದರೆ ಪೇಟೆ ಬೀದಿಗೆ ಬಿಸಿಲು, ಆ ಕಡೆ ತಿರುಗಿಸಿದರೆ ಕುಂಬಾರ ಬೀದಿಗೆ. ಹೀಗೆ ಪಾಳಿ ಸುತ್ತಿ ಸುತ್ತಿ ಕೊನೆಗೆ ನಮ್ಮದು. ನಮ್ಮ ಬೀದಿಯ ಹೆಸರೇ ಕೊನೇ ಬೀದಿ. ಪಾಳಿ ಇಲ್ಲದ ದಿನ ಮಬ್ಬು. ಎದುರಿಗಿರುವವರು ಹೆಂಡತಿಯೋ ನಾದಿನಿಯೋ ಗುರುತು ಹಿಡಿಯುವಷ್ಟು ಬೆಳಕಿರುತ್ತದೆ, ಸೂಜಿಗೆ ದಾರ ಪೋಣಿಸುವಷ್ಟು ಇರುವುದಿಲ್ಲ. ಅದಕ್ಕೇ ನಮ್ಮೂರಲ್ಲಿ ಮದುವೆಗೆ ಮುಹೂರ್ತ ನೋಡುವ ಮೊದಲು ಪಾಳಿ ನೋಡುತ್ತಾರೆ. "ಬಿಸಿಲು ಬಿಟ್ರು" ಅಂತ ಬೀದಿಯ ತುದಿಯಲ್ಲಿ ಒಬ್ಬರು ಕೂಗಿದರೆ ಸಾಕು, ಊಟ ಮಾಡುತ್ತಿದ್ದವರು ಎದ್ದು ಎಂಜಲು ಕೈಯಲ್ಲೇ ಕೌದಿ ಹೊತ್ತು ಓಡುತ್ತಾರೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಜಾಡಿ, ಎಣ್ಣೆ ಹಚ್ಚಿದ ಕೂಸು, ನೆಗಡಿ ಹಿಡಿದ ಮುದುಕ, ಎಲ್ಲವನ್ನೂ ಸಾಲಾಗಿ ಹೊರಗಿಡುತ್ತಾರೆ.

ನಮ್ಮ ಬೀದಿಯ ಕಥೆ ಬೇರೆ. ಪಾಳಿ ಬಂದರೂ ಬಿಸಿಲಿಗೆ ಫೋರ್ಸ್ ಇರುತ್ತಿರಲಿಲ್ಲ. ಪೇಟೆ ಬೀದಿಯವರು ತಾರಸಿಯ ಮೇಲೆ ದೊಡ್ಡ ದೊಡ್ಡ ಸ್ಟೀಲ್ ತಟ್ಟೆ ಕಟ್ಟಿ ದಾರಿಯಲ್ಲೇ ಎಳೆದುಕೊಳ್ಳುತ್ತಿದ್ದರು. ನಮ್ಮ ತನಕ ಬರುವಷ್ಟರಲ್ಲಿ ಅದು ಮೂರು ಸಲ ನೀರು ಬೆರೆಸಿದ ಮಜ್ಜಿಗೆ. ನಮ್ಮ ಬೀದಿಯ ಹಪ್ಪಳ ಒಣಗುವಷ್ಟರಲ್ಲಿ ಅದನ್ನು ಒತ್ತಿದ ಹುಡುಗಿಗೆ ಮೊಮ್ಮಕ್ಕಳಾಗಿರುತ್ತಿದ್ದವು. ಕಾಗೆಗಳು ಇತ್ತ ಬಂದರೆ ದಾರಿ ತಪ್ಪಿ ಗೂಬೆಗಳ ಹತ್ತಿರ ವಿಳಾಸ ಕೇಳುತ್ತಿದ್ದವು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಈ ಊರಲ್ಲಿ ಬಿಡುವವರು ಇಬ್ಬರೇ, ಬಿಸಿಲು ಬಿಡುವವನು ಮರಿಯಪ್ಪ, ಬುರುಡೆ ಬಿಡುವವನು ಲಿಂಗಣ್ಣ ಅಂತ ಪೇಟೆ ಬೀದಿಯವರು ಆಡಿಕೊಳ್ಳುತ್ತಾರೆ. ಹೊಟ್ಟೆಕಿಚ್ಚು, ಬೇರೇನಲ್ಲ.

ಮರಿಯಪ್ಪ ಒಂದು ದಿನ ನನ್ನ ಮಿಕ್ಸಿ ರಿಪೇರಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಮುಖ ಬಾಡಿಹೋಗಿತ್ತು.

"ಲಿಂಗಣ್ಣ, ನಿಮ್ಮ ಬೀದಿ ಪಾಳಿ ಹೋಯ್ತು ಅಂತ ಇಟ್ಕಳಿ."

"ಎಲ್ಲಿಗೆ ಹೋಯ್ತು?"

"ಹೊಸ ಬಡಾವಣೆಗೆ. ಬಿಸಿಲು ಕಚೇರಿಗೆ ವಿಶಾಲಾಕ್ಷಿ ಮೇಡಂ ಅಂತ ಹೊಸಬರು ಬಂದವ್ರೆ. ಕೊನೇ ಬೀದೀಲಿ ಒಂದು ಹಸಿರೆಲೆ ಇಲ್ಲ, ಅಂಥ ಕಡೆ ಬಿಸಿಲು ಬಿಟ್ಟು ಯಾಕೆ ದಂಡ ಮಾಡ್ತೀರಿ ಅಂದ್ರು. ಯುಗಾದಿ ಕಳೆದ್ಮೇಲೆ ಅವರೇ ಬಂದು ನೋಡ್ತಾರಂತೆ. ಪ್ರತಿ ಮನೆ ಒಳಗೂ ಚಿಗುರು ಬಿಟ್ಟ ಗಿಡ ಇದ್ರೆ ಪಾಳಿ ಉಳೀತದೆ. ಬೀದೀಲಿ ಬೆಳೆದ ಕಳೆ ಲೆಕ್ಕಕ್ಕಿಲ್ಲ. ಮನೆ ಒಳಗೇ ಇರಬೇಕು."

"ಬಿಸಿಲು ಇಲ್ಲದೆ ಗಿಡ ಹೆಂಗಯ್ಯ ಬರ್ತದೆ?"

"ಅದನ್ನೇ ನಾನೂ ಕೇಳಿದೆ. ಗಿಡ ಇಲ್ಲದೆ ಬಿಸಿಲು ಹೆಂಗೆ ಬರ್ತದೆ ಅಂದ್ರು."

ಸುದ್ದಿ ಮನೆಗೆ ತಂದೆ. ಅತ್ತೆ ಆಗ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ಅವರ ಮಂಡಿಗಳಿಗೆ ಈ ಊರಿನ ಯಾವ ತೈಲವೂ ಹಿಡಿಸಿಲ್ಲ. ಪಾಳಿ ಬಂದ ದಿನ ಆ ಮಜ್ಜಿಗೆ ಬಿಸಿಲಿಗೇ ಕಾಲು ಚಾಚಿ ಕೂತರೆ ಸಂಜೆ ಹೊತ್ತಿಗೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತಿದ್ದರು, ಅಷ್ಟೇ. ಮಾತು ಕೇಳಿ ಅವರು ನೀವುವುದನ್ನು ನಿಲ್ಲಿಸಿದರು. "ಇದೂ ಹೋದ್ರೆ ನಾನು ಪೇಟೆ ಬೀದಿಗೆ, ಚಿಕ್ಕೋಳ ಮನೆಗೆ ಹೋಗ್ತೀನಿ ಕಣವ್ವ" ಅಂದರು. ನನ್ನ ಹೆಂಡತಿ ಚೆಲುವಿ ಒಲೆಯ ಕಡೆ ತಿರುಗಿಕೊಂಡಳು.

ಅತ್ತೆ ಮನೆ ಬಿಟ್ಟು ಹೋಗುತ್ತಾರೆಂದರೆ ಅಳಿಯನಾದವನು ತಮಟೆ ಬಡಿಸಬೇಕು. ನಾನು ಬಡಿಸಲಿಲ್ಲ. ಅವರು ಹೋದರೆ ಬಸ್ಸಾರು ಮಾಡುವವರು ಯಾರು? ಅದು ಒಂದು. ಇನ್ನೊಂದು ಏನೆಂದರೆ, ಈ ಭೂಮಿಯ ಮೇಲೆ ನನ್ನ ಮಾತನ್ನು ನಡುವೆ ಬಾಯಿ ಹಾಕದೆ ಕೊನೆಯ ತನಕ ಕೇಳುವವರು ಅವರೊಬ್ಬರೇ. ಮಿಕ್ಕವರೆಲ್ಲ ಅರ್ಧಕ್ಕೇ "ಸಾಕು ಬಿಡಿ" ಅಂತ ಎದ್ದು ಹೋಗುತ್ತಾರೆ.

ಸಂಜೆ ಬೀದಿಯವರೆಲ್ಲ ಇದೇ ಜಗಲಿಗೆ ಬಂದರು. ಪಕ್ಕದ ಮನೆಯ ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬಳೆ ವ್ಯಾಪಾರದ ಖಾಸಿಂ ಸಾಬರು ಮೆಟ್ಟಿಲ ಮೇಲೆ ಕೂತರು.

"ಗಿಡ ತರೋದೇನು ದೊಡ್ಡದಲ್ಲ ಲಿಂಗಣ್ಣ" ಅಂದರು ಸಾಬರು. "ಬದುಕಿಸೋದು ಹೆಂಗೆ? ನಾನು ಪುದೀನಾ ಇಟ್ಟು ನೋಡಿದೀನಿ. ಕತ್ತು ಉದ್ದ ಮಾಡ್ಕೊಂಡು ಕಿಟಕಿ ಕಡೆ ನೋಡ್ತಾ ನೋಡ್ತಾ ಹೋಗ್ಬಿಡ್ತವೆ. ನೆಂಟರಿಗೆ ಕಾದಂಗೆ."

"ನನ್ನ ಮರುಗಾನೂ ಹಂಗೇ ಆಯ್ತು" ಅಂದಳು ಹನುಮಕ್ಕ. "ಕಡ್ಡಿ ಉಳೀತು, ಒಲೆಗೆ ಹಾಕ್ದೆ."

ನಾನು ಎದ್ದು ನಿಂತೆ. "ಯಾರೂ ಚಿಂತೆ ಮಾಡಬೇಡಿ. ಒಂದೊಂದು ಮನೆ ಒಳಗೂ ಕಾಡು ಬೆಳೆಸಿಕೊಡ್ತೀನಿ. ಹುಲಿ ಬಂದ್ರೆ ಮಾತ್ರ ನನ್ನ ಕೇಳಬೇಡಿ" ಅಂದೆ.

ಆಗಲೇ ನಾನು ಗಿಡದ ಲೈಟನ್ನು ಕಂಡುಹಿಡಿದದ್ದು. ಅಂಗಡಿಯ ಬಾಗಿಲು ಹಾಕಿಕೊಂಡು, ಅನ್ನ ನೀರು ಬಿಟ್ಟು, ಹಳೇ ಮಿಕ್ಸಿಗಳ ಹೊಟ್ಟೆ ಬಗೆದು, ಕಾಮನಬಿಲ್ಲಿನಿಂದ ಗಿಡಕ್ಕೆ ಇಷ್ಟವಾದ ಎರಡು ಬಣ್ಣ ಕಿತ್ತುಕೊಂಡು, ಕೆಂಪು ಒಂದು, ನೀಲಿ ಒಂದು, ಬುರುಡೆ ಬಲ್ಬಿನೊಳಗೆ ತುಂಬಿದೆ. ಹೊರದೇಶದಲ್ಲಿ ಇದಕ್ಕೆ ಗ್ರೋ ಲೈಟ್ ಅನ್ನುತ್ತಾರಂತೆ. ಅನ್ನಲಿ. ನನ್ನನ್ನು ನೋಡಿ ಕಲಿತವರು, ಹೆಸರಾದರೂ ಅವರದಿರಲಿ. ಕುಂಡದ ಮೇಲೆ ಒಂದು ಗೇಣು ಎತ್ತರಕ್ಕೆ ತೂಗುಹಾಕಬೇಕು. ಹತ್ತಿರ ತಂದರೆ ಎಲೆ ಸುಡುತ್ತದೆ, ದೂರ ಕಟ್ಟಿದರೆ ಗಿಡ ಮತ್ತೆ ಕತ್ತು ಉದ್ದ ಮಾಡುತ್ತದೆ. ಮನೆಮನೆಗೂ ಒಂದೊಂದು ಕಟ್ಟಿಸಿದೆ. ನಮ್ಮ ಮನೆಯಲ್ಲಿ ದೊಡ್ಡಪತ್ರೆ, ಸಾಬರ ಮನೆಯಲ್ಲಿ ಪುದೀನಾ, ಹನುಮಕ್ಕನ ಮನೆಯಲ್ಲಿ ಮರುಗ, ಅದರಾಚೆ ಒಂದೆಲಗ.

ಸ್ವಿಚ್ಚು ಒತ್ತಿದ್ದೇ ತಡ, ಕೊನೇ ಬೀದಿ ಪೂರ್ತಿ ನೇರಳೆ ಹಣ್ಣು ತಿಂದ ಬಾಯಿಯಂತಾಯಿತು. ಗೋಡೆ ನೇರಳೆ, ಮೊಸರನ್ನ ನೇರಳೆ, ಸಾಬರ ಗಡ್ಡ ನೇರಳೆ. ಕುಂಬಾರ ಬೀದಿಯವರು ಇಲ್ಲಿ ನಾಟಕದ ಕಂಪನಿ ಬಂದಿದೆ ಅಂದುಕೊಂಡು ಚಾಪೆ ಹಿಡಿದು ಬಂದರು. ಗಿಡಗಳೋ, ಹಾಕಿದ ವಾರದಲ್ಲೇ ಜಿಗಿದವು. ದೊಡ್ಡಪತ್ರೆಯ ಒಂದೊಂದು ಎಲೆಯೂ ಮೊರದಗಲ. ಅದರ ಮೇಲೆ ಮದುವೆ ಊಟ ಬಡಿಸಬಹುದಿತ್ತು.

ಇಲ್ಲಿ ನಮ್ಮೂರಿನವರ ಗುಣವನ್ನು ನಿಮಗೆ ಹೇಳಬೇಕು. ಬಿಸಿಲು ಬಿಟ್ಟಾಗ ನಾವು ಯಾರೂ ಒಂದು ಚೂರನ್ನೂ ಬಿಡುವುದಿಲ್ಲ. ಬಿಟ್ಟರೆ ಮತ್ತೆ ಯಾವಾಗಲೋ. ಒಣಗಿಸಲು ಏನೂ ಇಲ್ಲದಿದ್ದರೆ ಒಣಗಿದ್ದನ್ನೇ ಇನ್ನೊಂದು ಸಲ ಒಣಗಿಸುತ್ತೇವೆ. ಮುರಿದ ಕೊಡೆಯನ್ನೂ ತಂದು ಬಿಸಿಲಿಗೆ ಬಿಚ್ಚಿಡುತ್ತೇವೆ. ಅಂಥವರ ಕೈಗೆ ಬೇಕೆಂದಾಗ ಬಿಸಿಲು ಬಿಡುವ ಸ್ವಿಚ್ಚು ಸಿಕ್ಕಿದರೆ ಆರಿಸುತ್ತಾರೆಯೇ? ಹಗಲೂ ಉರಿಯಿತು, ರಾತ್ರಿಯೂ ಉರಿಯಿತು. ಆ ಗೇಣಗಲದ ಬೆಳಕಿನ ಕೆಳಗೆ ಗಿಡದ ಜೊತೆ ಸಂಡಿಗೆ ಬಂತು, ಒದ್ದೆ ಕಾಲುಚೀಲ ಬಂತು, ಉಪ್ಪಿನಕಾಯಿ ಜಾಡಿ ಬಂತು. ಹನುಮಕ್ಕ ತನ್ನ ಗಂಡನ ಬೋಳುತಲೆಯನ್ನೂ ಸ್ವಲ್ಪ ಹೊತ್ತು ಅಲ್ಲಿಟ್ಟು ನೋಡಿದಳು, ಏನಾದರೂ ಬೆಳೆದೀತೆಂದು.

ಜಿಗಿದ ಗಿಡಗಳು ನಿಂತವು. ನಿಂತವು ಬಾಗಿದವು. ಎಲೆಗಳ ಅಂಚು ಬೆಂಕಿಗೆ ಹಿಡಿದ ಹಪ್ಪಳದಂತೆ ಸುರುಟಿಕೊಂಡಿತು. ಯುಗಾದಿಗೆ ಇನ್ನು ಸ್ವಲ್ಪವೇ ದಿನ ಉಳಿದಿದ್ದಾಗ ಖಾಸಿಂ ಸಾಬರು ಕುಂಡವನ್ನೇ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಲಿಂಗಣ್ಣ, ನನ್ನ ಪುದೀನಾ ಚಹಾಪುಡಿ ಆಗಿದೆ. ಒಂದು ಲೋಟ ಮಾಡಿ ಕೊಡ್ಲಾ?"

ಅವರ ಹಿಂದೆಯೇ ಹನುಮಕ್ಕ. "ಕಾಡು ಬೆಳೆಸ್ತೀನಿ ಅಂದಿದ್ರಿ. ಹುಲಿಗೆ ಹೇಳಿ ಕಳಿಸಿಬಿಡಿ, ಬರೋದು ಬೇಡ ಅಂತ."

ಇಬ್ಬರೂ ಒಳಗೆ ಬಂದು ನಮ್ಮ ದೊಡ್ಡಪತ್ರೆಯನ್ನು ನೋಡಿದರು. ಗಿಡ ಕುಂಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಎಲೆ ಮುಟ್ಟಿದರೆ ದಪ್ಪ, ಬೆರಳಿಗೆಲ್ಲ ಘಮ.

"ನಮ್ಮದೆಲ್ಲ ಸತ್ತು ನಿಮ್ಮದೊಂದೇ ಹೆಂಗೆ ಬದುಕ್ತು?" ಅಂದಳು ಹನುಮಕ್ಕ. ಈಗ ಅವಳ ದನಿಯಲ್ಲಿ ಕೊಂಕಿರಲಿಲ್ಲ. ಹೆದರಿಕೆಯಿತ್ತು.

ಆಗ ನಾನು ನನ್ನ ಗುಟ್ಟನ್ನು ಬಿಟ್ಟುಕೊಟ್ಟೆ. ಗಿಡಕ್ಕೂ ನಿದ್ದೆ ಬೇಕು. ನಾನು ಇದನ್ನು ಮೊದಲೇ ಕಂಡುಕೊಂಡು, ದಿನಾ ಸಂಜೆ ನನ್ನ ಕೈಯಾರೆ ಲೈಟು ಆರಿಸಿ, ಪಕ್ಕದಲ್ಲಿ ಕೂತು ಜೋಗುಳ ಹಾಡಿ ಮಲಗಿಸುತ್ತಿದ್ದೆ. ಬೆಳಿಗ್ಗೆ ಕೋಳಿಗಿಂತ ಮೊದಲು ಎದ್ದು ಹಚ್ಚುತ್ತಿದ್ದೆ. ಹಗಲೆಲ್ಲ ಉಣ್ಣಲಿ, ಕತ್ತಲಾದ ಮೇಲೆ ಅರಗಿಸಿಕೊಳ್ಳಲಿ, ಇಷ್ಟೇ ವಿದ್ಯೆ.

"ಬಂದಿರೋ ಬಿಸಿಲನ್ನ ಕೈಯಾರೆ ಆರಿಸೋದಾ?" ಅಂದಳು ಹನುಮಕ್ಕ. ಮಗುವಿನ ತಟ್ಟೆಯಿಂದ ಅನ್ನ ಕಿತ್ತುಕೋ ಅಂದಹಾಗೆ ಅವಳ ಮುಖವಾಯಿತು.

ನಂಬಿ, ಈ ಕಥೆಯಲ್ಲಿ ಅತ್ಯಂತ ಕಷ್ಟದ ಕೆಲಸ ಅದೇ. ದೊಡ್ಡಪತ್ರೆ ಮರ್ಯಾದಸ್ಥ ಗಿಡ. ಎಲ್ಲಿ ಮುರಿದು ಎಲ್ಲಿ ನೆಟ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಗಿಡದಿಂದ ಒಂದೊಂದು ಕಡ್ಡಿ ಮುರಿದು ಮನೆಮನೆಗೂ ಕೊಟ್ಟೆ. ಅವು ಬೇರು ಹಿಡಿಯುವುದು ಸುಲಭವಿತ್ತು, ಮನುಷ್ಯರು ಸ್ವಿಚ್ಚು ಆರಿಸುವುದು ಸುಲಭವಿರಲಿಲ್ಲ. ಖಾಸಿಂ ಸಾಬರು ಮೊದಲ ಸಂಜೆ ಸ್ವಿಚ್ಚಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತರು. ಹುಟ್ಟಿದಾಗಿನಿಂದ ಬಿಸಿಲಿಗೆ ಕಾದ ಬೆರಳು ಅದು. ಕೊನೆಗೆ ಕಣ್ಣು ಮುಚ್ಚಿಕೊಂಡು ಒತ್ತಿದರು. ಮನೆ ಕತ್ತಲಾಯಿತು. ಕತ್ತಲಲ್ಲೇ, "ಮಲಕೋ ಮಗಾ" ಅಂದರು ಗಿಡಕ್ಕೆ. ಆಮೇಲೆ ಒಂದೊಂದೇ ಮನೆ ಆರುತ್ತಾ ಬಂತು. ಹನುಮಕ್ಕನದೇ ಕೊನೆ.

ಯುಗಾದಿ ಕಳೆಯಿತು. ವಿಶಾಲಾಕ್ಷಿ ಮೇಡಂ ಬಂದರು. ಎತ್ತರದ ಹೆಂಗಸು, ಕೈಯಲ್ಲಿ ಮಡಿಸಿದ ಕೊಡೆ, ಹಿಂದೆ ಮರಿಯಪ್ಪ. ಅವತ್ತು ನಮ್ಮ ಪಾಳಿಯ ದಿನವೇ, ಆದರೆ ಬಿಸಿಲು ಇನ್ನೂ ಬಂದಿರಲಿಲ್ಲ. ಮೇಡಂ ಒಂದೊಂದೇ ಮನೆಯೊಳಗೆ ಬಗ್ಗಿ ನೋಡಿದರು. ಎಲ್ಲ ಮನೆಯಲ್ಲೂ ದೊಡ್ಡಪತ್ರೆ, ಎಲ್ಲ ದೊಡ್ಡಪತ್ರೆಯಲ್ಲೂ ತಿಳಿಹಸಿರು ಚಿಗುರು. ಮೇಡಂ ಅವರ ಹುಬ್ಬು ಮನೆಯಿಂದ ಮನೆಗೆ ಮೇಲೇರುತ್ತಿತ್ತು. ಕೊನೆಗೆ ನಮ್ಮ ಮನೆಗೆ ಬಂದು, ತಲೆಯೆತ್ತಿ ನೇರಳೆ ಬಲ್ಬನ್ನು ನೋಡಿದರು.

"ಇದೇನಿದು?"

"ಲೈಟು ಮೇಡಂ."

"ಅದು ಕಾಣ್ತಿದೆ. ಗಿಡದ ಮೇಲೆ ಯಾಕೆ?"

"ಗಿಡಕ್ಕೆ ಹಗಲುಹೊತ್ತು ಕತ್ತಲೆ ಅಂದ್ರೆ ಹೆದರಿಕೆ ಮೇಡಂ."

ಮೇಡಂ ನಗಲಿಲ್ಲ. "ಹಂಗಾದ್ರೆ ಇವು ನಾವು ಬಿಟ್ಟ ಬಿಸಿಲಲ್ಲಿ ಬೆಳೆದಿದ್ದಲ್ಲ. ಲೆಕ್ಕಕ್ಕೆ ಬರಲ್ಲ. ಮರಿಯಪ್ಪ, ನಾಳೆಯಿಂದ ಈ ಬೀದಿ ನಿಲ್ಲಿಸು."

ಬಾಗಿಲಲ್ಲಿ ಮುತ್ತಿಕೊಂಡಿದ್ದ ಬೀದಿ ಪೂರ್ತಿ ತಣ್ಣಗಾಯಿತು. ಸಾಬರು ನೆಲ ನೋಡಿದರು. ಹನುಮಕ್ಕ ಸೊಂಟದ ಮೇಲಿನ ಕೈ ಇಳಿಸಿದಳು. ಮರಿಯಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಮತ್ತೆ ಹಾಕಿಕೊಂಡ. ಮಂಚದ ಮೇಲಿದ್ದ ಅತ್ತೆಯ ಕೈ ತಾನಾಗಿಯೇ ಮಂಡಿಯ ಮೇಲೆ ಹೋಯಿತು.

ಆಗ ನಾನು ಹುಲಿಯಂತೆ ಮುಂದೆ ಬಂದೆ. ಬಂದು ಹೇಳಿದೆ, "ಮೇಡಂ, ನೀವು ಕೇಳಿದ್ದು ಚಿಗುರು ಬಿಟ್ಟ ಗಿಡ. ಬಿಸಿಲು ಬಿಡೋದು ನಿಮ್ಮ ಕೆಲಸ, ಚಿಗುರು ಬಿಡೋದು ಗಿಡದ ಕೆಲಸ. ಗಿಡ ತನ್ನ ಕೆಲಸ ಮಾಡಿದೆ. ನೀವು ನಿಮ್ಮದು ಮಾಡಿದ್ರಾ? ಇವತ್ತು ನಮ್ಮ ಪಾಳಿ. ಬಂದು ಜಗಲಿ ಮೇಲೆ ಕೂತ್ಕಳಿ. ನೀವು ಬಿಟ್ಟ ಬಿಸಿಲಿಗೆ ನಿಮ್ಮ ಮಂಡಿ ಬೆಚ್ಚಗಾದ್ರೆ ಪಾಳಿ ಕಿತ್ಕಂಡು ಹೋಗಿ, ಯಾರೂ ಕೇಳಲ್ಲ."

ಅಂಥ ಮಾತನ್ನು ಆ ಕಚೇರಿಯವರು ಅವತ್ತಿನ ತನಕ ಕೇಳಿರಲಿಲ್ಲ. ಮೇಡಂ ಕೊಡೆಯನ್ನು ಗೋಡೆಗೆ ಒರಗಿಸಿ, ಜಗಲಿಗೆ ಬಂದು, ಚೆಲುವಿ ಕೈಹಿಡಿದು ತಂದು ಕೂರಿಸಿದ ಅತ್ತೆಯ ಪಕ್ಕ ಕೂತರು. ನೀವು ಈಗ ಕೂತಿದ್ದೀರಲ್ಲ, ಅದೇ ಜಾಗ. ಮರಿಯಪ್ಪ ದಿಣ್ಣೆಗೆ ಹೋಗಿ ಎಂದಿನಂತೆ ಚಕ್ರ ತಿರುಗಿಸಿ ಬಂದ. ಬಿಸಿಲು ಬಂತು. ಬಂತು ಅಂದರೆ ಬಂತು ಅಂತ ಅವನು ಹೇಳಿದ್ದರಿಂದ ನಮಗೆ ಗೊತ್ತಾಯಿತು. ಚೆಲುವಿ ದೊಡ್ಡಪತ್ರೆ ಎಲೆಯ ಬಜ್ಜಿ ಕರಿದು ತಂದಿಟ್ಟಳು. ಮೇಡಂ ತಿಂದರು. ಸೆರಗನ್ನು ಹೆಗಲ ಸುತ್ತ ಎಳೆದುಕೊಂಡರು. ಇನ್ನೊಂದು ಬಜ್ಜಿ ತಿಂದರು. ಕಾಲನ್ನು ಸೀರೆಯೊಳಗೆ ಮುದುರಿಕೊಂಡರು.

"ಮರಿಯಪ್ಪ, ಬಿಸಿಲು ಯಾವಾಗ ಬರ್ತದೆ?"

"ಬಂದಾಗಿದೆ ಮೇಡಂ. ಇದೇ ಬಿಸಿಲು."

"ಇದಾ?"

"ಕೊನೇ ಬೀದಿಗೆ ಇಷ್ಟೇ ಮೇಡಂ. ನಮ್ಮಪ್ಪನ ಕಾಲದಿಂದ್ಲೂ ಅರ್ಧ ತಿರುವು. ಅದ್ರಲ್ಲೂ ಪೇಟೆ ಬೀದಿಯೋರು ತಟ್ಟೆ ಕಟ್ಟವ್ರೆ."

ಮೇಡಂ ಅತ್ತೆಯ ಕಡೆ ತಿರುಗಿ ಅವರ ಮಂಡಿಯ ಮೇಲೆ ಕೈಯಿಟ್ಟು ನೋಡಿದರು. ಮಂಡಿ ತಣ್ಣಗಿತ್ತು. "ಪೂರ್ತಿ ತಿರುಗಿಸು, ಹೋಗು" ಅಂದರು. "ಹೋಗ್ತಾ ದಾರೀಲಿ ಆ ತಟ್ಟೆಗಳನ್ನೆಲ್ಲ ಇಳಿಸಿಬಿಡು. ಗಿಡಗಳು ಲೆಕ್ಕಕ್ಕೆ ಬಂದವು."

ಮರಿಯಪ್ಪ ಹೋಗುವುದನ್ನು ನೋಡಬೇಕಿತ್ತು. ಅವನು ನಡೆಯಲಿಲ್ಲ, ಉರುಳಿದ. ಸ್ವಲ್ಪ ಹೊತ್ತಿಗೆ ಪೇಟೆ ಬೀದಿಯ ಕಡೆಯಿಂದ ತಟ್ಟೆಗಳು ಬೀಳುವ ಸದ್ದು, ಮದುವೆ ಮನೆಯ ಪಾತ್ರೆ ತೊಳೆಯುವ ಜಾಗದಂತೆ. ಅದಾದ ಮೇಲೆ ದಿಣ್ಣೆಯ ಮೇಲಿಂದ ಕಿರ್ರ್ ಅಂತ ಒಂದು ಸದ್ದು. ತುಕ್ಕು ಹಿಡಿದ ಚಕ್ರ ಹುಟ್ಟಿದಾಗಿನಿಂದ ಹೋಗದ ಕಡೆ ಹೋಗುತ್ತಿತ್ತು.

ಬಿಸಿಲು ಬಿತ್ತು. ಸುರಿಯಿತು. ಮೂಟೆ ಬಿಚ್ಚಿ ಜೋಳ ಸುರಿದಂತೆ ಬೀದಿಯ ಆ ತುದಿಯಿಂದ ಈ ತುದಿಯ ತನಕ ಬಿತ್ತು. ನಮ್ಮ ಕಾಲ ಕೆಳಗೆ ಕಪ್ಪಗೆ ಏನೋ ಬಿದ್ದಿತ್ತು. ನೋಡಿದರೆ ನೆರಳು. ಮಕ್ಕಳು ಅದನ್ನು ತುಳಿಯಬಾರದೆಂದು ಎಗರಿ ಎಗರಿ ಓಡಿದರು, ಅದೂ ಜೊತೆಯಲ್ಲೇ ಓಡಿತು. ಖಾಸಿಂ ಸಾಬರ ಬಳೆಗಳ ಗಾಜು ಎದುರುಗೋಡೆಗೆಲ್ಲ ಬಣ್ಣ ಚೆಲ್ಲಿತು. ಹಳಬರು ಹುಬ್ಬಿಗೆ ಕೈ ಅಡ್ಡ ಹಿಡಿಯುವುದನ್ನೇ ಅರಿಯರು, ಒಬ್ಬರನ್ನೊಬ್ಬರು ನೋಡಿ ಕಲಿತರು. ಹನುಮಕ್ಕ ಓಡಿ ಹೋಗಿ ಹಪ್ಪಳ ತಂದು ಹರಡಿದಳು. ಅವು ಒಣಗಲಿಲ್ಲ, ನೇರವಾಗಿ ಹುರಿದೇ ಹೋದವು. ಅತ್ತೆ ಎರಡೂ ಕಾಲನ್ನು ಪೂರ್ತಿ ಚಾಚಿದರು. ಸಂಜೆಗೆ ಎದ್ದು, ಯಾರ ಕೈಯನ್ನೂ ಹಿಡಿಯದೆ, ಬೀದಿಯ ತುದಿಯ ತನಕ ನಡೆದು, ಅಲ್ಲಿ ನಿಂತು ಪೇಟೆ ಬೀದಿಯ ಕಡೆ ಒಂದು ಸಲ ನೋಡಿ, ತಿರುಗಿ ಮನೆಗೆ ಬಂದರು. ಚಿಕ್ಕ ಮಗಳ ಮನೆಯ ಮಾತು ಮತ್ತೆ ಎತ್ತಲಿಲ್ಲ. ಅವತ್ತು ಬಸ್ಸಾರು ಅವರದೇ.

ಬೀದಿಯವರು ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮೇಡಂ ನನ್ನ ಕೈ ಹಿಡಿದು, "ಲಿಂಗಣ್ಣ, ನೀವು ನಮ್ಮ ಕಚೇರೀಲಿ ಇರಬೇಕಿತ್ತು" ಅಂದರು. ಮಾರನೆಯ ಬೆಳಿಗ್ಗೆ, ಆಗಲೇ ಹೇಳಿದೆನಲ್ಲ, ಸೂರ್ಯ ಬಂದು ಬಾಗಿಲಾಚೆ ಚಪ್ಪಲಿ ಬಿಟ್ಟು...

"ಮುಗೀತಾ ಅಳಿಯಂದ್ರೆ?"

ಅಯ್ಯೋ. ಅತ್ತೆ ಕಣ್ಣು ಬಿಟ್ಟಿದ್ದಾರೆ.

"ಅತ್ತೆಮ್ಮ, ನೀವು ಮಲಗಿದ್ರಿ ಅಂದ್ಕಂಡೆ. ಕಿವಿ ಬೇರೆ..."

"ನನಗೆ ಕಿವಿ ಮಂದ ಅಂದಿದ್ದೂ ಕೇಳಿಸ್ತು. ಜೋಗುಳ ಹಾಡಿದ್ದೂ ಕೇಳಿಸ್ತು. ಎಷ್ಟು ಚೆನ್ನಾಗಿ ಹೇಳ್ತೀರಪ್ಪ, ನಾನೇ ನಂಬಿಬಿಟ್ಟಿದ್ದೆ. ಪಾಪ, ಇವರು ಹೊಸಬರು. ಇವರೂ ನಾಳೆ ಲೈಟು ಹಾಕ್ಕಂಡು ಗಿಡ ಇಡೋರು. ತಪ್ಪು ತಿಳ್ಕಂಡಾರು. ನಿಜ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ನಾನೇ ಹೇಳುತ್ತೇನೆ. ಅವರು ಹೇಳಿದರೆ ಇನ್ನೂ ಚೆನ್ನಾಗಿ ಹೇಳಿಬಿಡುತ್ತಾರೆ.

ಲೈಟು ನಾನು ಕಂಡುಹಿಡಿದದ್ದಲ್ಲ. ಕೋಣೆಯೊಳಗೆ ಗಿಡ ಸಾಕುವವರು ಇಂಥದ್ದು ಹಾಕುತ್ತಾರೆ ಅಂತ ಚೆಲುವಿ ಫೋನಿನಲ್ಲಿ ನೋಡಿ ತರಿಸಿದಳು. ಒಂದು ಗೇಣಿನ ಲೆಕ್ಕವೂ ಅವಳದೇ. ನಾನು ವೈರು ಎಳೆದೆ. ಎರಡು ಮನೆಯಲ್ಲಿ ಫ್ಯೂಸು ಹೋಯಿತು. ಹಗಲೂ ರಾತ್ರಿ ಉರಿಸಿ, ಒಂದು ಗಳಿಗೆಯೂ ಆರಿಸಬೇಡಿ, ಬಿಟ್ಟಿ ಬಿಸಿಲನ್ನು ಬಿಟ್ಟವನು ದಡ್ಡ ಅಂತ ಮನೆಮನೆಗೆ ಹೋಗಿ ಹೇಳಿಬಂದವನು ಮಾತ್ರ ನಾನೇ. ಸಾಬರ ಪುದೀನಾ, ಹನುಮಕ್ಕನ ಮರುಗ ಹಾಗೆ ಹೋದವು. ನಮ್ಮ ಗಿಡವೂ ಹೋಗಬೇಕಿತ್ತು. ಅತ್ತೆಗೆ ಆ ನೇರಳೆ ಬೆಳಕಿನಲ್ಲಿ ನಿದ್ದೆ ಬರುತ್ತಿರಲಿಲ್ಲ. ನನ್ನ ಗೊರಕೆ ಶುರುವಾದ ಕೂಡಲೇ ಎದ್ದು ಆರಿಸುತ್ತಿದ್ದರು. ನನಗೆ ಬೇಜಾರಾದೀತೆಂದು ನಾನು ಏಳುವ ಮೊದಲೇ ಮತ್ತೆ ಹಚ್ಚುತ್ತಿದ್ದರು. ನಾನು ದಿನಾ ಬೆಳಿಗ್ಗೆ ಎದ್ದು, ನೋಡಿ, ರಾತ್ರಿಯೆಲ್ಲ ಉರಿದರೂ ಹೇಗೆ ನಳನಳಿಸುತ್ತಿದೆ ಅಂತ ಅವರಿಗೇ ತೋರಿಸುತ್ತಿದ್ದೆ. ಅವರು ಹೌದು ಅನ್ನುತ್ತಿದ್ದರು. ಹನುಮಕ್ಕ ಬಂದು ಕೇಳಿದ ದಿನ ಅಕ್ಕಿ ಆರಿಸುತ್ತಾ ಕೂತಿದ್ದ ಅತ್ತೆ, ತಲೆಯೆತ್ತದೆ, "ಕಣ್ಣಿಗೆ ಹೊಡೀತಿತ್ತವ್ವ, ಅದಕ್ಕೇ ಆರಿಸ್ತಿದ್ದೆ. ಗಿಡಕ್ಕೂ ನನ್ನಂಗೇ ಆಗಿರಬೇಕು" ಅಂದರು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ.

"ಮೇಡಂ ಹತ್ರ ಮಾತಾಡಿದ್ದು?" ಅಂತ ನೀವು ಕೇಳುತ್ತೀರಿ. ಕೇಳಬೇಡಿ ಅಂದರೆ ಬಿಡುತ್ತೀರಾ. ಅದೂ ಅತ್ತೆಯೇ. ಮಂಚದಿಂದ ಕೆಳಗಿಳಿಯದೆ, ದನಿ ಏರಿಸದೆ, ಮಂಡಿ ನೀವಿಕೊಳ್ಳುತ್ತಲೇ ಹೇಳಿದರು. ಆದರೆ ಅವತ್ತು ಲೈಟಿನ ಪ್ಲಗ್ಗು ಲೂಸಾಗಿತ್ತು. ಬಾಗಿಲ ಹಿಂದೆ ನಿಂತು, ಅದು ಕಳಚದ ಹಾಗೆ ಕೊನೆಯ ತನಕ ಹಿಡಿದುಕೊಂಡಿದ್ದವನು ನಾನು.

"ಪ್ಲಗ್ಗು ಹಿಡ್ಕೊಂಡಿದ್ದು ನಾನು" ಅನ್ನುತ್ತಿದ್ದಾಳೆ ಚೆಲುವಿ ಅಡುಗೆಮನೆಯಿಂದ. "ಅವರು ಮಂಚದ ಕೆಳಗಿದ್ರು."

ಮಂಚದ ಕೆಳಗಿದ್ದೆ. ಅಲ್ಲಿಂದಲೂ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಇಲ್ಲದಿದ್ದರೆ ಇಷ್ಟು ಚೆನ್ನಾಗಿ ಹೇಗೆ ಹೇಳಲಿ? ಹೆಗಲ ಮೇಲೆ ಹೊತ್ತು ಮೆರೆಸಿದ್ದು ದೊಡ್ಡಪತ್ರೆಯ ಕುಂಡವನ್ನು. ಕಚೇರಿಯಲ್ಲಿ ಇರಬೇಕಿತ್ತು ಅಂತ ಮೇಡಂ ಹೇಳಿದ್ದು ಅತ್ತೆಗೆ. ಆದರೆ ಬಿಸಿಲು ಬಂದದ್ದು ಸುಳ್ಳಲ್ಲ. ನೋಡಿ, ನಿಮ್ಮ ಕಾಲ ಕೆಳಗೇ ಬಿದ್ದಿದೆ.

ಇನ್ನು ಸೂರ್ಯ. ಅತ್ತೆ, ಹಾಗೆ ನೋಡಬೇಡಿ, ಹೇಳುತ್ತಿದ್ದೇನೆ. ಊರಿಗೆಲ್ಲ ಪಾಳಿ ಹಾಕಿ ಬಿಸಿಲು ಬಿಡುವ ನಮ್ಮ ಮರಿಯಪ್ಪನ ಮನೆ ದಿಣ್ಣೆಯ ಬುಡದಲ್ಲಿದೆ, ಚಕ್ರದ ನೆರಳಲ್ಲಿ. ಯಾವ ಕಡೆ ತಿರುಗಿಸಿದರೂ ಅವನ ಮನೆಗೆ ಬಿಸಿಲು ಬೀಳುವುದಿಲ್ಲ. ಅವನ ಅಪ್ಪನ ಕಾಲದಿಂದಲೂ ಅಷ್ಟೇ. ಇದನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಬಂದ ಸೂರ್ಯ ಅಂದರೆ ಅವನೇ, ಮಕ್ಕಳ ಸೂರ್ಯಮಾವ. ಕೈಕಟ್ಟಿ ನಿಂತದ್ದು ನನ್ನ ಮುಂದಲ್ಲ, ಅತ್ತೆಯ ಮುಂದೆ. "ಅಮ್ಮ, ನಮ್ಮನೇಲಿ ಒಂದು ಎಲೆ ಬದುಕಲ್ಲ. ಬಿಸಿಲು ಬಿಡೋ ನನ್ನ ಕೈಲೇ ಆಗ್ಲಿಲ್ಲ. ನೀವೇ ಒಂದು ದಾರಿ ತೋರಿಸಬೇಕು" ಅಂದ. ಅತ್ತೆ ಒಂದು ಕಡ್ಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೆಲುವಿ ಉಳಿಸಿಟ್ಟಿದ್ದ ಲೈಟನ್ನೂ ಕೊಟ್ಟು, "ಕತ್ತಲಾಗ್ತಿದ್ದಂಗೆ ಆರಿಸಿಬಿಡಪ್ಪ, ಮಲಗಲಿ" ಅಂದರು. ಈಗ ಅವನ ಮನೆಯ ಕಿಟಕಿ ಹಗಲೆಲ್ಲ ನೇರಳೆಯಾಗಿರುತ್ತದೆ. ದಿಣ್ಣೆಯ ಕಡೆ ನೋಡಿದರೆ ಇಲ್ಲಿಂದಲೇ ಕಾಣುತ್ತದೆ.

ನಾನು ಆಗ ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಡಲಿಲ್ಲ, ಅದು ನಿಜ. ಮರಿಯಪ್ಪ ಬಾಗಿಲಾಚೆ ಚಪ್ಪಲಿ ಬಿಟ್ಟದ್ದೂ ನಿಜ. ಮಿಕ್ಕಿದ್ದೆಲ್ಲ ನಾನು ಬಿಟ್ಟದ್ದು.